ವಜೀರರು ನಿಂತ ಕಲ್ಲು

ಸತ್ತವರ ದನಿಯಲ್ಲಿ ಮಾತಾಡು ಎಂದು ಯಾರೂ ನನ್ನ ಕೈ ತಿರುಚಲಿಲ್ಲ. ಕೇಳಿದ ಕೂಡಲೇ ಒಪ್ಪಿಕೊಂಡೆ. ಕನಿಕರದಿಂದಲ್ಲ, ಹೊಗಳಿಕೆಯಿಂದ. ಹೊಗಳಿದರೆ ಕತ್ತೆಯ ಹಾಗೆ ಒದರಲೂ ತಯಾರಿದ್ದ ವಯಸ್ಸು ಅದು. ಒದರುತ್ತಲೂ ಇದ್ದೆ, ಸಂಜೆ ಸಂಜೆ, ಚಹಾದ ಹೋಟೆಲಿನಲ್ಲಿ.

ನಮ್ಮ ಶಹಾಬಾದು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹಗಲೆಲ್ಲ ನಾನು ಕಲ್ಲಿನ ಕಾರಖಾನೆಯಲ್ಲಿ ಬಂಡೆ ಪಾಲಿಶ್ ಮಾಡುತ್ತಿದ್ದೆ. ಸಂಜೆ ಮುಖದ ಬಿಳಿ ಧೂಳು ಸಹ ತೊಳೆಯದೆ ಊರಿನವರ ದನಿಗಳನ್ನು ಪಾಲಿಶ್ ಮಾಡುತ್ತಿದ್ದೆ. ನನ್ನ ಮಾಲಕರ ಉಗ್ಗು, ಸ್ಟೇಷನ್ ಮಾಸ್ತರರ ಆಕಳಿಕೆ, ನನ್ನದೇ ಮೂಗಿನ ಮಾತು. ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದುದು ವಜೀರರ ದನಿಗೆ.

ನಮ್ಮ ಓಣಿಯ ತುದಿಗೆ ಹಳೆಯ ಜಾಗೀರದಾರರೊಬ್ಬರ ದೊಡ್ಡ ಮನೆ, ದೇವಡಿ, ಇತ್ತು. ಹಿಂದೆ ಚಿಂಚೋಳಿ ಕಡೆಯ ಹಳ್ಳಿಗಳು ಅವರ ಕೈಯಲ್ಲಿದ್ದವಂತೆ. ಜಾಗೀರು ಹೋಯಿತು, ಕಣ್ಣು ಹೋದವು. ಉಳಿದದ್ದು ಅರ್ಧ ಕುಸಿದ ಮನೆ, ಗಂಡ ತೀರಿಹೋದ ಮಗಳು, ಮತ್ತು ಜಾಗೀರಿನ ಕಾಲದ ದಿವಾನರು. ಆ ದಿವಾನರನ್ನು ಜಾಗೀರದಾರರು ‘ವಜೀರ್’ ಎಂದೇ ಕರೆಯುತ್ತಿದ್ದರು. ನಾವೂ ಕರೆಯುತ್ತಿದ್ದೆವು, ಬೇರೆ ಧಾಟಿಯಲ್ಲಿ.

ಸೂರ್ಯ ಮುಳುಗುವ ಹೊತ್ತಿಗೆ ವಜೀರರು ಮಾಸಿದ ಶೇರ್ವಾನಿ ತೊಟ್ಟು, ಬೆತ್ತ ಕುಟ್ಟುತ್ತ ಬರುತ್ತಿದ್ದರು. ಬೀದಿ ಬಾಗಿಲು ತೆರೆದೇ ಇರುತ್ತಿತ್ತು. ದಿವಾನಖಾನೆಯ ಪರದೆಯ ಮುಂದೆ ನಿಂತು, ಕೆಮ್ಮಿ, ಇಲ್ಲದ ಜಾಗೀರಿನ ವರದಿ ಒಪ್ಪಿಸುತ್ತಿದ್ದರು: ಮಳಖೇಡದ ಹತ್ತಿರ ಕಾಗಿಣಾ ಹೊಳೆ ತುಂಬಿದೆ, ಇಂಥ ಊರಲ್ಲಿ ಜೋಳ ತೆನೆ ಕಟ್ಟಿದೆ. ಒಳಗಿನಿಂದ ಹುಕುಂ ಬರುತ್ತಿತ್ತು. ಬೀದಿಗೆಲ್ಲ ಕೇಳುವಂತೆ ವಜೀರರು ‘ಜೀ ಹುಜೂರ್!’ ಎನ್ನುತ್ತಿದ್ದರು. ಆಮೇಲೆ ಬೀದಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಳಗೆ ಮತ್ತೂ ಒಂದಿಷ್ಟು ಹೊತ್ತು ಇಬ್ಬರದೂ ಪಿಸುಮಾತು, ಅದಾದ ಮೇಲೆ ಜಾಗೀರದಾರರ ಊಟ. ಬಾಗಿಲು ಹಾಕುವ ತನಕದ್ದೆಲ್ಲ ನನಗೆ ಬಾಯಿಪಾಠವಾಗಿತ್ತು.

ತಮ್ಮ ಮಗಳನ್ನು ನೋಡಲು ತೆಂಗಳಿ ಎಂಬ ಹಳ್ಳಿಗೆ ಹೋದ ವಜೀರರು ಅಲ್ಲೇ ತೀರಿಕೊಂಡರು. ಅಲ್ಲೇ ಮಣ್ಣಾಯಿತು. ಅದನ್ನು ಜಾಗೀರದಾರರಿಗೆ ಹೇಳುವ ಧೈರ್ಯ ಮನೆಯಲ್ಲಿದ್ದ ಅವರ ಮಗಳಿಗಾಗಲಿಲ್ಲ. ವಜೀರ ಬಾರದೆ ಮುದುಕರು ಊಟ ಮುಟ್ಟಲಿಲ್ಲ. ಆಗ ಆಕೆ ನನ್ನನ್ನು ಕರೆಸಿದರು.

“ತಮ್ಮಾ, ನಮ್ಮ ಅಬ್ಬಾ ನೀರು ಬಿಟ್ಟು ಏನೂ ತಗೊಳ್ಳವಲ್ಲರು. ಹೋಟೆಲಿನಾಗ ನೀ ವಜೀರ್ ಸಾಬ್ರ ದನಿ ತೆಗೀತೀ ಅಂತ ಕೇಳೀನಿ.”

“ಅದು ನಗಸಾಕ, ಚಾಷ್ಟಿಗಿ ರೀ, ಆಪಾ.”

“ಸಿಟ್ಟಿಲ್ಲಪ್ಪ. ಒಮ್ಮೆ ಓಣ್ಯಾಗ ನೀ ಒದರಿದಾಗ, ವಜೀರ್ ಸಾಬ್ರು ಬಂದ್ರು ಅಂತ ನಾನೇ ಬಾಗಿಲ ತೆಗದಿದ್ದೆ. ನಿನ್ನಂಗ ತೆಗೆಯೋರು ಈ ಊರಾಗ ಇಲ್ಲ.”

ಅಷ್ಟು ಹೊಗಳಿಕೆಯೇ ಸಾಕಾಯಿತು ನನಗೆ.

ಮರುದಿನ ಸಂಜೆ ಹಿತ್ತಲಿನಿಂದ ಹೋದೆ. ಓಣಿಯವರಿಗೆ ತಿಳಿಯಬಾರದೆಂದು ಆಪಾ ಬೀದಿ ಬಾಗಿಲು ಹಾಕಿ ಅಗಳಿ ಜಡಿದಿದ್ದರು. ಪರದೆಯ ಮುಂದೆ ನಮ್ಮೂರಿನದೇ ಹಾಸುಗಲ್ಲು. ಬರಿಗಾಲಿಟ್ಟಾಗ ತಿಳಿಯಿತು: ಕಲ್ಲು ಎರಡು ಕಡೆ ಸವೆದು ತಗ್ಗಾಗಿದೆ. ನಮ್ಮ ಕಾರಖಾನೆಯ ಯಾವ ಯಂತ್ರವೂ ಅಷ್ಟು ನುಣುಪು ಕೊಟ್ಟಿರಲಿಲ್ಲ. ನನ್ನ ಪಾದ ಎರಡೂ ಆ ತಗ್ಗಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕುಳಿತವು. ಕೆಮ್ಮಬೇಕೆಂದುಕೊಳ್ಳುವ ಮೊದಲೇ ಕೆಮ್ಮು ಬಂತು.

ವರದಿ ಹೇಳಿದೆ. ಪರದೆಯಾಚೆಯಿಂದ ಜಾಗೀರದಾರರು, “ಕಾಗಿಣಾದ ತೂಬು ಎತ್ತಿಸು,” ಎಂದರು.

“ಜೀ ಹುಜೂರ್!”

ಆ ದಿನ ಊಟ ಮಾಡಿದರು. ಆಪಾ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ಅತ್ತರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ನಡೆದೆ. ಅರ್ಧ ದಾರಿಯಲ್ಲಿ ನೋಡಿಕೊಂಡರೆ ಎಡಗಾಲು ಎಳೆಯುತ್ತಿದ್ದೆ, ವಜೀರರ ಹಾಗೆ.

ದಿನಾ ಸಂಜೆ ಮುಚ್ಚಿದ ಬೀದಿ ಬಾಗಿಲ ಹಿಂದೆ ಇದೇ ನಡೆಯಿತು; ದಿನ ಕಳೆದಂತೆ ದನಿ ನನ್ನನ್ನು ಬಿಡದಾಯಿತು. ಕಾರಖಾನೆಯಲ್ಲಿ ಮಾಲಕರು ಕರೆದರೆ ‘ಜೀ ಹುಜೂರ್’ ಎಂದುಬಿಟ್ಟೆ. ಅವರಿಗೆ ಖುಷಿಯಾಯಿತು, ನನಗೆ ಬೆವರು ಕಿತ್ತಿತು. ಮನೆಯಲ್ಲಿ ನೀರು ಕೇಳಿದರೆ ಅವ್ವ ತಂಬಿಗೆ ಕೈಯಲ್ಲಿ ಹಿಡಿದು ನಿಂತೇಬಿಟ್ಟಳು. “ಈಗ ಯಾರು ನೀರ ಕೇಳಿದ್ರು?” ಎಂದಳು. “ನಾನೇ, ಅವ್ವಾ.” “ನೀ ಅಲ್ಲ. ಹೋದವರ ದನಿ ಬಾಯಾಗ ಇಟ್ಕೊಂಡು ಅಡ್ಡ್ಯಾಡಬ್ಯಾಡೋ. ಅವರು ಅದನ್ನ ತಿರುಗಿ ಕೇಳಾಕ ಬರ್ತಾರ.” ನಕ್ಕೆ. ಹೋಟೆಲಿಗೆ ಹೋಗುವುದನ್ನು ಮಾತ್ರ ಬಿಟ್ಟೆ.

ಅತ್ತ ಹುಕುಮುಗಳು ವಿಚಿತ್ರವಾಗತೊಡಗಿದವು. ಚಿಂಚೋಳಿಗೆ ಆನೆ ಕಳಿಸು. ಜೀ ಹುಜೂರ್. ದಿವಾನಖಾನೆಯ ಹಾಸುಗಲ್ಲು ಕೀಳಿಸು. ಜೀ ಹುಜೂರ್. ಮುದುಕರಿಗೆ ಅರಳುಮರಳು ಎಂದುಕೊಂಡೆ. ವಜೀರನ ಕೆಲಸವೆಂದರೆ ಕೈ ಕಟ್ಟಿ ತಲೆ ಬಗ್ಗಿಸುವುದು ತಾನೆ? ನಾಟಕಗಳಲ್ಲಿ ನಾನು ಅಷ್ಟೇ ನೋಡಿದ್ದೆ.

ಒಂದು ಸಂಜೆ ಅವರು ಹುಕುಂ ಕೊಡಲೇ ಇಲ್ಲ.

“ಬಗದಾದದ ಖಲೀಫರಿಂದ ಹಿಡದು ನಮ್ಮ ಬೀದರದ ಸುಲ್ತಾನರ ತನಕ ಇದೇ ಕಥಿ ನೋಡು,” ಎಂದರು. “ತಖ್ತದ ಮ್ಯಾಲ ಕುಂತಾವ ಒಬ್ಬ, ರಾಜ್ಯ ಹೊತ್ತಾವ ಇನ್ನೊಬ್ಬ. ಮುದ್ರಿ ವಜೀರನ ಕೈಯಾಗ, ಖಜಾನಿ ವಜೀರನ ಕೈಯಾಗ. ವಜೀರನ ತಲಿ ಮಾತ್ರ ಸುಲ್ತಾನನ ಕೈಯಾಗ. ಬೀದರದಾಗ ಒಬ್ಬ ಸುಲ್ತಾನ ಚಾಡಿ ಮಾತು ಕೇಳಿ ತನ್ನ ವಜೀರನ ತಲಿ ತೆಗಿಸಿದ. ಆಮ್ಯಾಲ ತಾನು ಸಾಯೋ ಮುಂದ, ಅವನೇ ಬಂದು ನನ್ನ ಕೊಲ್ಲಾಕತ್ಯಾನ ಅಂತ ಒದರಿದನಂತ. ಸತ್ತ ವಜೀರ ತಿರುಗಿ ಬರ್ತಾನೇನು?”

ನನ್ನ ಬೆನ್ನ ಹಿಂದೆ ಬೆತ್ತ ಕುಟ್ಟಿದ ಸದ್ದು ಕೇಳಿಸಿತು, ಇಲ್ಲ, ಕೇಳಿಸಲಿಲ್ಲ. ಇಂದಿಗೂ ಖಾತ್ರಿಯಿಲ್ಲ.

“ಜೀ ಹುಜೂರ್,” ಎಂದೆ.

ಮರುದಿನ ಹೋಗಬಾರದೆಂದುಕೊಂಡೆ. ಆದರೆ ನಾನು ಹೋಗದಿದ್ದರೆ ಮುದುಕರು ಉಣ್ಣುವುದಿಲ್ಲ. ಹೋದೆ. ವರದಿ ಮುಗಿಯಿತು. ಆಪಾ ಊಟದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ವಜೀರ್, ಹುಕುಂ ಕೇಳು. ಇವತ್ತಿಂದ ನನಗ ಊಟ ಬಂದ್. ಒಂದು ತುತ್ತೂ ಕೊಡಬ್ಯಾಡ ಅಂತ ಮಗಳಿಗಿ ಹೇಳು.”

ಬೇಡ ಎನ್ನಬೇಕೆಂದು ನನಗೆ ಗೊತ್ತಿತ್ತು. ಆಪಾ ಕೈ ಬೀಸಿ ಸನ್ನೆ ಮಾಡುತ್ತಿದ್ದರು. ಆದರೆ ಆ ದನಿಗೆ ನಾನು ಕಲಿಸಿದ್ದು ಒಂದೇ ಮಾತು.

“ಜೀ ಹುಜೂರ್!”

ಪರದೆ ಅಲುಗಲಿಲ್ಲ. ಮುದುಕರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಪಕ್ಕದ ಮನೆಯವರ ಆರೋಗ್ಯ ವಿಚಾರಿಸುವ ಹಾಗೆ ಕೇಳಿದರು:

“ಯಾವಾಗ ಸತ್ತ?”

ಆಪಾ ತಾಟನ್ನು ಅಲ್ಲೇ ಇಟ್ಟು ಪರದೆ ಸರಿಸಿ ಒಳಗೆ ಹೋಗಿ ಅಪ್ಪನ ಕಾಲ ಬಳಿ ಕುಳಿತರು; ತೆಂಗಳಿಯ ವಿಷಯವೆಲ್ಲ ಹೇಳಿದರು. ಅವರು ಮಗಳ ತಲೆಯ ಮೇಲೆ ಕೈ ಇಟ್ಟರು. ಹೊರಗೆ ಕತ್ತಲಾಗುತ್ತಿತ್ತು. “ರೊಟ್ಟಿ ತಾ, ಬೇಟಿ. ನಿನಗಾಗಿ ಉಂಡೀನಿ ಇಷ್ಟು ದಿನ, ಇವತ್ತು ಅವನ ಹೆಸರಿಲೆ ಉಣ್ತೀನಿ,” ಎಂದರು. ಆಪಾ ತಾಟನ್ನು ಹತ್ತಿರ ತಂದಿಟ್ಟರು. ಕುರುಡು ಕೈ ರೊಟ್ಟಿಯ ಅಂಚು ಹುಡುಕಿ ಮುರಿಯಿತು.

ನಾನು ಸುಮ್ಮನೆ ಹೊರಟುಹೋಗಬೇಕಿತ್ತು. ಆದರೆ ನನ್ನ ಕಸುಬಿನ ಜಂಬ ಬಿಡಲಿಲ್ಲ.

“ದನಿಯಾಗ ಎಲ್ಲಿ ತಪ್ಪಿತ್ರಿ, ಹುಜೂರ್?” ಎಂದೆ. ಬಹಳ ದಿನಗಳ ಮೇಲೆ ಅದು ನನ್ನ ಸ್ವಂತ ಮೂಗಿನ ದನಿ.

ಅವರು ತುತ್ತು ನುಂಗಿ, ದನಿ ಬಂದ ಕಡೆ ಮುಖ ತಿರುಗಿಸಿದರು.

“ದನಿ ಬರೋಬರಿ ಇತ್ತು, ಬೇಟಾ. ಆದ್ರ ಬೀದಿ ಬಾಗಿಲ ಹಾಕಿದ ಮ್ಯಾಲ ನನ್ನ ವಜೀರ ಒಂದಿನಾನೂ ನನಗ ಜೀ ಅಂದಾವಲ್ಲ.”