ಹಗಲಲ್ಲಿ ಹಾಕಿದ ಲೈಟು

ಹುರುಳಿ ಗುಡ್ಡೆಗೆ ಕೈ ಹಾಕಿದ ಅಪ್ಪ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡು ಅಲ್ಲೇ ಕುಕ್ಕರಿಸಿದ. ಕೊಳಕು ಮಂಡಲ. ಹಾವನ್ನು ನಾನೂ ನೋಡಿದೆ. ತನಗೇನೂ ಆತುರವಿಲ್ಲ ಎನ್ನುವ ಹಾಗೆ ಬದುವಿನ ಕಡೆ ಹರಿದುಹೋಯಿತು. ಸಂಕ್ರಾಂತಿ ಕಳೆದಿತ್ತು, ಬಿಸಿಲು ಏರುವ ಹೊತ್ತು. ಭೇರ್ಯದಿಂದ ಒಳಕ್ಕಿರುವ ನಮ್ಮೂರಿನಲ್ಲಿ ಆಗ ಕಾರಿದ್ದವರು ಯಾರೂ ಇರಲಿಲ್ಲ. ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ಕಾಲ ಇನ್ನೂ ಬಂದಿರಲಿಲ್ಲ. ಇದ್ದದ್ದು ಅಪ್ಪನ ಹಳೆಯ ಬೈಕು, ಅದನ್ನು ಓಡಿಸಲು ದುಬೈಯಿಂದ ರಜೆಗೆ ಬಂದಿದ್ದ ನನ್ನ ಗಂಡ.

ಅವರು ಬಂದಾಗಿನಿಂದ ಬೈಕಿನಲ್ಲಿ ಮೂರನೆಯವರನ್ನು ಹತ್ತಿಸಿಕೊಂಡವರಲ್ಲ. ಅವ್ವನನ್ನೂ ನನ್ನನ್ನೂ ಒಟ್ಟಿಗೆ ಕೂರಿಸಿಕೊಳ್ಳಿ ಎಂದರೆ, ಒಬ್ಬರನ್ನು ಬಿಟ್ಟು ಬಂದು ಇನ್ನೊಬ್ಬರನ್ನು ಕರೆದೊಯ್ಯುತ್ತಿದ್ದರು. ಅವತ್ತು ಹಿಂದುಮುಂದು ನೋಡದೆ ಅಪ್ಪನನ್ನು ನಡುವೆ ಕೂರಿಸಿಕೊಂಡರು. ನಾನು ಹಿಂದೆ ಹತ್ತಿ, ಅಪ್ಪನ ಸೊಂಟವನ್ನು ಅವರ ಸೊಂಟಕ್ಕೆ ಟವೆಲಿನಲ್ಲಿ ಬಿಗಿದೆ. ಕೆ.ಆರ್. ನಗರದ ಆಸ್ಪತ್ರೆ ಮುಟ್ಟಿದರೆ ಅಪ್ಪ ಉಳಿಯುತ್ತಾನೆ ಅನ್ನುವುದೊಂದೇ ತಲೆಯಲ್ಲಿ. ಹೊರಡುವಾಗ ಅವರು ಲೈಟು ಹಾಕಿದರು.

ಈ ಲೈಟಿನ ವಿಚಾರ ಹೇಳದೆ ಮುಂದಕ್ಕೆ ಹೋಗಲಾರೆ.

ನಮ್ಮ ಕಡೆ ಹಗಲು ಹೊತ್ತಿನಲ್ಲಿ ಲೈಟು ಹಾಕಿಕೊಂಡು ಗಾಡಿ ಬಂತೆಂದರೆ ಅದರಲ್ಲಿ ಜೀವಕ್ಕೆ ಸಂಚಕಾರ ಬಂದವರು ಇದ್ದಾರೆ ಎಂದೇ ಅರ್ಥ. ಹೆರಿಗೆ ನೋವು, ವಿಷ ಕುಡಿದವರು, ಬಾವಿಗೆ ಬಿದ್ದವರು. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲೂ ಬರೆದಿಟ್ಟದ್ದಲ್ಲ. ಎತ್ತಿನ ಗಾಡಿಯವನೂ ಪಕ್ಕಕ್ಕೆ ಹೊಡೆಯುತ್ತಾನೆ, ಬಸ್ಸಿನವನೂ ಸೈಡು ಕೊಡುತ್ತಾನೆ. ಸುಮ್ಮನೆ ಮರೆತು ಹಾಕಿಕೊಂಡಿದ್ದರೆ ಎದುರಿಗೆ ಬರುವವರು ಕೈಯೆತ್ತಿ ಐದು ಬೆರಳನ್ನೂ ಬಿಚ್ಚಿ ಮುಚ್ಚಿ ತೋರಿಸುತ್ತಾರೆ. ಆರಿಸಿಕೋ ಎಂದು.

ನನ್ನ ಗಂಡ ದುಬೈಯಲ್ಲಿ ಹೋಟೆಲಿನ ಊಟವನ್ನು ಬೈಕಿನಲ್ಲಿ ಮನೆಮನೆಗೆ ತಲುಪಿಸುವ ಕೆಲಸ ಮಾಡುತ್ತಿದ್ದರು. ಅಲ್ಲಿ ಅವರ ಬೈಕಿನ ಲೈಟು ಹಗಲೂ ರಾತ್ರಿ ಉರಿಯುತ್ತಲೇ ಇರುತ್ತಿತ್ತಂತೆ. ಹಾರನ್ ಒತ್ತಿದರೆ ಅಲ್ಲಿ ಬೈದ ಹಾಗೆ. ಇಲ್ಲಿ ಒತ್ತದೆ ಹೋದರೆ, ಹಿಂದಿನಿಂದ ಕಳ್ಳನ ಹಾಗೆ ಬಂದೆಯಲ್ಲೋ ಎಂದು ಬೈಸಿಕೊಳ್ಳಬೇಕು. ಅವರು ಒತ್ತುತ್ತಿರಲಿಲ್ಲ, ಬೈಸಿಕೊಳ್ಳುತ್ತಿದ್ದರು. ಹುಣಸೂರಿನಲ್ಲಿ ಅಡ್ಡ ದಾಟುವ ಮುದುಕಿಗೆ ಬೈಕು ನಿಲ್ಲಿಸಿದರೆ ಆ ಮುದುಕಿಯೇ ಹೆದರಿ ವಾಪಸ್ಸು ಹೋದಳು. ನಾನು ಹಿಂದೆ ಕೂತು ನಗುತ್ತಿದ್ದೆ. ಕಾಲಕ್ಕೆ ತಕ್ಕ ಕೋಲ ಕಟ್ಟಬೇಕು ಎಂದು ಹೇಳಿಯೂ ಹೇಳಿದೆ. ಲೈಟಿನ ವಿಷಯದಲ್ಲಿ ಮಾತ್ರ ಅವರು ನಗುವುದಕ್ಕೆ ಬಿಡುತ್ತಿರಲಿಲ್ಲ. ಅಲ್ಲಿ ಅವರ ಕೋಣೆಯಲ್ಲೇ ಇದ್ದ ಮಲಯಾಳಿ ಹುಡುಗನೊಬ್ಬ, ಲೈಟು ಕೆಟ್ಟ ಬೈಕಿನಲ್ಲಿ ಬೆಳಗಿನ ಮಂಜಿನೊಳಗೆ ಹೋಗಿ ಲಾರಿಗೆ ಸಿಕ್ಕಿ ಸತ್ತಿದ್ದ.

"ಲೈಟು ನಮಗೆ ದಾರಿ ಕಾಣ್ಲಿ ಅಂತಲ್ಲ ಕಣೆ, ನಾವು ಬೇರೆಯವ್ರಿಗೆ ಕಾಣ್ಲಿ ಅಂತ" ಎನ್ನುತ್ತಿದ್ದರು.

ಕಂಡದ್ದೇನೋ ಕಂಡರು. ಮೊದಲ ವಾರ ಭೇರ್ಯದ ರಸ್ತೆಯಲ್ಲಿ ಎಲ್ಲರೂ ದಾರಿ ಬಿಟ್ಟರು. ಮನೆಗೆ ಬಂದವರು ಯಾರಿಗೆ ಏನಾಯಿತು ಎಂದು ಕೇಳಿದರು. ಕೆ.ಆರ್. ನಗರದ ನಮ್ಮ ಸೋದರತ್ತೆಗೆ ಯಾರೋ ಏನೋ ಹೇಳಿ, ಆಕೆ ಅಪ್ಪ ಹೋಗಿಯೇಬಿಟ್ಟ ಎಂದುಕೊಂಡು ಊರಬಾಗಿಲಿನಿಂದಲೇ ಎದೆ ಬಡಿದುಕೊಂಡು ಬಂದಳು. ಅಪ್ಪ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಲೈಟ್ ಆರಿಸ್ಬುಡಿ ಅಳೀಮಯ್ಯ, ನಾನಿನ್ನೂ ಬದುಕೀವ್ನಿ" ಎಂದ. ಸೋದರತ್ತೆಯೂ ಅಳು ನಿಲ್ಲಿಸಿ ನಕ್ಕಳು.

ಮಾವನ ಮಾತಿಗೆ ಕಟ್ಟುಬಿದ್ದು ಅವರು ಲೈಟು ಆರಿಸಿಕೊಂಡು ಓಡಾಡಲು ಶುರು ಮಾಡಿದರು. ಆರಿಸಿದ ಮೇಲೂ ಎಡಗೈ ಹೆಬ್ಬೆರಳು ಆಗಾಗ ಸ್ವಿಚ್ಚನ್ನು ಮುಟ್ಟಿ ಬರುತ್ತಿತ್ತು. ಆದರೆ ಉರಿಯುವ ಲೈಟನ್ನು ಊರೆಲ್ಲ ನೋಡುತ್ತದೆ, ಉರಿಯದ ಲೈಟನ್ನು ಯಾರು ನೋಡುತ್ತಾರೆ? ಅಷ್ಟರಲ್ಲಿ "ದುಬೈ ಲೈಟು" ಎಂದು ಅವರಿಗೆ ಬೆನ್ನ ಹಿಂದೆ ಅಡ್ಡಹೆಸರು ಬಿದ್ದಾಗಿತ್ತು.

ಅವತ್ತು ಅಪ್ಪನನ್ನು ಕೂರಿಸಿಕೊಂಡು ಭೇರ್ಯ ದಾಟುವಾಗಲೇ ನನ್ನ ಎದೆ ಒಡೆಯಿತು. ಟೀ ಅಂಗಡಿಯ ಮುಂದೆ ನಿಂತಿದ್ದವರು ಲೈಟು ನೋಡಿ ನಕ್ಕರು. ಒಬ್ಬ ಕೈಯೆತ್ತಿ ಬೆರಳು ಬಿಚ್ಚಿ ಮುಚ್ಚಿ ತೋರಿಸಿದ. ಹಾವು ಕಚ್ಬುಡ್ತು, ಹಾವು ಎಂದು ನಾನು ಕಿರುಚಿದ್ದು ಗಾಳಿಗೆ ಹೋಯಿತು.

ಊರು ಬಿಟ್ಟ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರು. ಒಂದರ ಹಿಂದೆ ಒಂದು ಎರಡು ಟ್ರೇಲರು, ಟ್ರೇಲರಿಗಿಂತ ಅಗಲಕ್ಕೆ ಕಬ್ಬು. ಎಡಗಡೆ ಅಂಚಿನುದ್ದಕ್ಕೂ ಗಾಡಿಗಳು ತುಳಿಯಲಿ ಎಂದು ಹುರುಳಿ ಹರಡಿ, ಸುತ್ತ ಕಲ್ಲಿಟ್ಟಿದ್ದರು. ಅದರ ಮೇಲೆ ಬೈಕು ಬಿಟ್ಟರೆ ಜಾರಿ ಮೂವರೂ ಬೀಳಬೇಕು. ಬಲಗಡೆ ಎದುರಿನಿಂದ ಬಸ್ಸು, ಖಾಲಿ ಗಾಡಿಗಳು. ನನ್ನ ಗಂಡ ಅಂಗೈಯಲ್ಲಿ ಹಾರನ್ ಗುದ್ದಿದರು. ಅವರು ಹಾರನ್ ಒತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪನ ಬೈಕಿನ ಹಾರನ್ ಕೀರಲು, ಟ್ರ್ಯಾಕ್ಟರಿನವನು ಹಾಡು ಹಾಕಿಕೊಂಡಿದ್ದ.

ತಿರುವಿನಲ್ಲಿ ಅವನು ಒಮ್ಮೆ ಹಿಂದಿರುಗಿ ನೋಡಿದ. ಪಕ್ಕದ ಊರಿನವನೇ, ಅಪ್ಪನ ಜೊತೆ ಕೂತು ಬೀಡಿ ಸೇದುವವನು. ನಮ್ಮ ಲೈಟು ಕಂಡಿತು, ಅವನ ಮುಖ ಅರಳಿತು. ಕೈ ಹೊರಗೆ ಹಾಕಿ ಬೆರಳು ಬಿಚ್ಚಿ ಮುಚ್ಚಿ ತೋರಿಸಿ, ರಸ್ತೆಯ ನಡುವೆಯೇ ನಿಧಾನಕ್ಕೆ ಹೋದ. ಅಪ್ಪ ಊದಿದ ಕೈಯನ್ನು ಹೇಗೋ ಮೇಲೆತ್ತಿ ಅಲ್ಲಾಡಿಸಿದ. ನಮಸ್ಕಾರ ಅಂದುಕೊಂಡನೋ ಏನೋ, ಅವನೂ ಕೈ ಬೀಸಿದ.

ನನಗೆ ಆ ಕಬ್ಬಿಗೆ ಬೆಂಕಿ ಹಚ್ಚಬೇಕೆನ್ನಿಸಿತು. ಇಳಿದು ಓಡಿಹೋಗಿ ಅವನ ಕಾಲರ್ ಹಿಡಿದು ಎಳೆಯಬೇಕೆನ್ನಿಸಿತು. ಇಳಿದರೆ ಅಪ್ಪನನ್ನು ಹಿಡಿದುಕೊಳ್ಳುವವರು ಯಾರು? ಅಪ್ಪನ ತಲೆ ಅಷ್ಟೊತ್ತಿಗೆ ನನ್ನ ಭುಜಕ್ಕೆ ವಾಲಿತ್ತು. ವಸಡಿನಿಂದ ರಕ್ತ ಬರುತ್ತಿತ್ತು.

"ಇಳ್ಸಿಬುಡು ಮಗ. ನೀರು ಕುಡೀಬೇಕು."

"ಇನ್ನೇನು ಬಂತು ಕಣಪ್ಪ, ವಸಿ ತಡ್ಕೊ" ಎಂದೆ. ಕೆ.ಆರ್. ನಗರ ಇನ್ನೂ ಎಷ್ಟೋ ದೂರವಿತ್ತು. ನಾನು ದೇವರನ್ನು ಕೂಗಲಿಲ್ಲ, ಮುಂದಿನ ಟ್ರೇಲರಿನ ಕಬ್ಬಿನ ಸುಳಿಗಳನ್ನೇ ನೋಡುತ್ತಿದ್ದೆ. ಅವು ಅಲ್ಲಾಡುತ್ತಿದ್ದವು, ಸರಿಯುತ್ತಿರಲಿಲ್ಲ.

ಟ್ರ್ಯಾಕ್ಟರು ಒಂದು ಅಂಗಡಿಯ ಮುಂದೆ ತಾನಾಗಿ ನಿಂತ ಮೇಲೆ ನಮಗೆ ದಾರಿ ಸಿಕ್ಕಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಮೈಸೂರಿನಲ್ಲಿ ಅಪ್ಪನಿಗೆ ಮೂತ್ರ ಕಟ್ಟಿತು, ಮಾತು ನಿಂತಿತು. ಮೂರನೆಯ ದಿನ ಹೋದ. ಸ್ವಲ್ಪ ಮೊದಲು ಬಂದಿದ್ದರೆ ಉಳಿಯುತ್ತಿದ್ದರು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಎರಡರಲ್ಲಿ ಒಂದು ಹೇಳಿದ್ದರೆ ಸಿಟ್ಟನ್ನೋ ಸಮಾಧಾನವನ್ನೋ ಒಂದು ಕಡೆ ಇಟ್ಟುಕೊಳ್ಳಬಹುದಿತ್ತು.

ನನ್ನ ಗಂಡ ಆ ದಿನಗಳಲ್ಲೆಲ್ಲ ನಮ್ಮ ಜನವನ್ನು ಬೈದರು. ಸಾಯುವವನಿಗೂ ದಾರಿ ಬಿಡದ ಜಾತಿ ಎಂದರು. ಅಲ್ಲಾಗಿದ್ದರೆ ರಸ್ತೆಗೆ ರಸ್ತೆಯೇ ಪಕ್ಕಕ್ಕೆ ಸರಿಯುತ್ತಿತ್ತು, ದೊಡ್ಡವರ ಕಾರೂ ನಿಲ್ಲುತ್ತಿತ್ತು ಎಂದರು. ಅವರು ಬೈಯಲಿ ಎಂದು ನಾನು ಸುಮ್ಮನಿದ್ದೆ. ಊರೆಲ್ಲ ಯಾಕೆ ನಕ್ಕಿತು ಎಂದು ಅವರಿಗೆ ತಿಳಿಯದೇ ಇರಲಿ ಎಂಬುದೊಂದೇ ನನ್ನ ಆಸೆ. ಅಪ್ಪನನ್ನು ಕಳೆದುಕೊಂಡಿದ್ದೆ, ಇವರನ್ನೂ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಟ್ರ್ಯಾಕ್ಟರಿನವನು ಬಂದ. ಪಂಕ್ತಿಯಲ್ಲಿ ಅವನಿಗೆ ಸಿಕ್ಕಿದ್ದು ನನ್ನ ಗಂಡನ ಎದುರಿನ ಎಲೆ. ನಾನು ಸಾರಿನ ಬಕೆಟ್ಟು ಹಿಡಿದು ಬಂದಾಗ ಅವನು ತಲೆಯೆತ್ತಿದ. ಅತ್ತು ಅತ್ತು ಕಣ್ಣು ಕೆಂಪಗಿತ್ತು.

"ಲೈಟ್ ಕಂಡೆ ಕಣವ್ವ. ನೋಡ್ನಿಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಯಜಮಾನ್ರುದು ಯಾವಾಗ್ಲೂ ಉರೀತಿರ್ತದಲ್ಲ, ಅಂಗೇ ಬತ್ತಾವ್ರೆ ಅನ್ಕಂಡೆ."

ನನ್ನ ಗಂಡನ ಕೈ ಅನ್ನದ ಮೇಲೆ ನಿಂತಿತು. ಬೇಡುವ ಹಾಗೆ ಅಂದರು:

"ಅವತ್ತು ಬೇಕು ಅಂತ್ಲೇ ಹಾಕಿದ್ದೆ ಕಣಣ್ಣ."

"ನಮ್ಗೆಂಗೆ ಗೊತ್ತಾಗ್ಬೇಕು ಸ್ವಾಮಿ?"

ಇಬ್ಬರೂ ತಮ್ಮ ತಮ್ಮ ಎಲೆ ನೋಡುತ್ತ ಕೂತರು. ಹಿಂದಿನ ಸಾಲಿನವರು ಸಾರು ಕೇಳುತ್ತಿದ್ದರು, ನಾನು ಬಕೆಟ್ಟು ಹಿಡಿದು ಅವರಿಬ್ಬರ ನಡುವೆ ನಿಂತೇ ಇದ್ದೆ.