ತಾರಸಿಯ ಏಸಿಗೆ ನೀರು ಹಾಕಿದವರ ಮೇಲಿನ ದೂರು

ಹವಾನಿಯಂತ್ರಣದ ಕೆಲಸವನ್ನು ನಾನು ಯಾವ ಶಾಲೆಯಲ್ಲೂ ಕಲಿತವನಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸಿಕ್ಕ ಹಳೆಯ ಯಂತ್ರಗಳನ್ನು ಬಿಚ್ಚಿ, ಕೈಪಿಡಿಗಳನ್ನು ನಿಘಂಟು ಹಿಡಿದು ಓದಿ ಕಲಿತೆ. ಹಾಗೆ ಕಲಿತವನಿಗೆ, ಊರೆಲ್ಲ ಒಪ್ಪಿದ ಮಾತನ್ನೂ ಕೈಯಾರೆ ಮುಟ್ಟಿ ನೋಡದೆ ನಂಬದ ದುರಭ್ಯಾಸ ಅಂಟಿಕೊಳ್ಳುತ್ತದೆ. ಎಪ್ಪತ್ತು ದಾಟಿದರೂ ಅದು ನನ್ನನ್ನು ಬಿಟ್ಟಿಲ್ಲ.

ಕಳೆದ ವರ್ಷ ಆಯುಧಪೂಜೆ ಮುಗಿದ ವಾರದ ಶನಿವಾರ, ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿರುವ ರಕ್ತಪರೀಕ್ಷಾ ಕೇಂದ್ರದ ಮೇಲ್ವಿಚಾರಕಿ ಮನೆಗೆ ಬಂದರು.

“ಅಂಕಲ್, ಒಂದ್ಸಲ ನಮ್ ತಾರಸಿಗೆ ಬಂದು ನೋಡ್ತೀರಾ? ನನ್ ಕೆಲ್ಸ ಹೋಗೋ ಹಾಗಿದೆ.”

ಹಬ್ಬಕ್ಕೆಂದು ಅವರು ತಾರಸಿಯ ದೊಡ್ಡ ಏಸಿ ಯಂತ್ರವನ್ನು ಪೈಪು ಹಿಡಿದು ತಾವೇ ತೊಳೆದು, ಗಂಧ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. ರಜೆ ಮುಗಿದು ಬಾಗಿಲು ತೆರೆದ ದಿನ ಯಂತ್ರ ಕರ್ಕಶವಾಗಿ ಅರಚಿ, ತಂಪು ಕೊಡದೆ ನಿಂತುಹೋಯಿತು. ದುರಸ್ತಿಗೆ ಬಂದ ಇಬ್ಬರು, ಅನಿಲವನ್ನು ಒತ್ತುವ ಕಂಪ್ರೆಸರ್ ಸುಟ್ಟಿದೆ, ತೊಳೆದಾಗ ನೀರು ನುಗ್ಗಿದ್ದೇ ಕಾರಣ ಎಂದು ಬರೆದುಕೊಟ್ಟು ಹೋದರು. ಸೆಕೆಗೆ ಪರೀಕ್ಷಾಯಂತ್ರಗಳು ನಿಂತವು. ಕಲ್ಯಾಣ ನಗರ, ಗರುಡಾಚಾರ್‌ಪಾಳ್ಯಗಳಿಂದ ಬಂದ ರಕ್ತದ ಮಾದರಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸೋಮವಾರ ಬಂದು ಬೀಗದ ಕೈ ಒಪ್ಪಿಸಿ ಹೋಗುವಂತೆ ಮಾಲೀಕರು ಇವರಿಗೆ ಹೇಳಿದ್ದರು.

“ತಪ್ಪು ನಂದೇ ಅಂಕಲ್. ಯಾರೂ ಹೇಳ್ಲಿಲ್ಲ, ನಾನೇ ತೊಳ್ದೆ.”

“ಜೂನ್‌ನಿಂದ ಮಳೇಲಿ ನೆನೀತಾ ನಿಂತಿತ್ತಲ್ಲಮ್ಮ ಅದು. ಆಗ ಸಾಯದೇ ಇದ್ದದ್ದು ನಿಮ್ಮ ಪೈಪಿಗೆ ಸತ್ತೋಯ್ತಾ?”

ನಾನೇ ನೋಡುತ್ತೇನೆಂದು ಮೀಟರ್ ಹಿಡಿದು ಅವರೊಂದಿಗೆ ಹೊರಟೆ.

ನನ್ನ ಹಟಕ್ಕೆ ಅವರಿಗೆ ಹೇಳದ ಇನ್ನೊಂದು ಕಾರಣವಿತ್ತು. ಪ್ರಾಯದಲ್ಲಿ, ಹಲಸೂರಿನ ಹೋಟೆಲೊಂದರ ಶೀತಪೆಟ್ಟಿಗೆಯನ್ನು ಅಡುಗೆಯವನೇ ಕೆಡಿಸಿದನೆಂದು ಎಲ್ಲರೂ ಹೇಳಿದ್ದನ್ನು ಕೇಳಿ, ಪರೀಕ್ಷಿಸದೆ ನಾನೂ ಹಾಗೆಯೇ ಬರೆದುಕೊಟ್ಟಿದ್ದೆ. ಬಿಚ್ಚಿ ತಂದ ಕಂಪ್ರೆಸರ್ ನನ್ನ ಶೆಡ್ಡಿನಲ್ಲಿ ಸಲೀಸಾಗಿ ಓಡಿತು. ಮರುದಿನ ಹೋಗಿ ಹೇಳುವಷ್ಟರಲ್ಲಿ ಅಡುಗೆಯವನನ್ನು ಕೆಲಸದಿಂದ ಕಳುಹಿಸಿಬಿಟ್ಟಿದ್ದರು.

ತಾರಸಿಯಲ್ಲಿ ಮೀಟರ್ ಇಟ್ಟು ನೋಡಿದೆ. ಕಂಪ್ರೆಸರಿನೊಳಗಿನ ತಂತಿಸುರುಳಿಗಳು ಮೂರೂ ಸರಿಯಾಗಿದ್ದವು. ನೀರು ನುಗ್ಗಿದ ಕುರುಹೇ ಇರಲಿಲ್ಲ. ಯಂತ್ರವನ್ನು ಅರೆಗಳಿಗೆ ಚಾಲೂ ಮಾಡಿದೆ. ಅರಚಾಟ ನಿಜ. ಆದರೆ ಬಿಸಿಗಾಳಿಯನ್ನು ಆಕಾಶಕ್ಕೆ ಊದಬೇಕಾದ ಮೇಲಿನ ಫ್ಯಾನಿನ ಬಳಿ ಹಾರದಿಂದ ಉದುರಿದ ಎಸಳುಗಳು ಹಾರಿಹೋಗದೆ ಜಾಲರಿಗೆ ಕಚ್ಚಿಕೊಂಡಿದ್ದವು. ಹಿಡಿಯಷ್ಟು ಎಸಳು ಕಿತ್ತು ಮೇಲಿನಿಂದ ಬಿಟ್ಟೆ. ಅವನ್ನೂ ಒಳಕ್ಕೆ ಎಳೆದುಕೊಂಡಿತು. ಫ್ಯಾನು ಹಿಮ್ಮುಖವಾಗಿ ತಿರುಗುತ್ತಿತ್ತು.

ಅಷ್ಟರಲ್ಲಿ ಕಟ್ಟಡದ ಕಾವಲುಗಾರ ಎರಡು ಬಕೆಟ್ ನೀರು ಹೊತ್ತು ಏದುಸಿರು ಬಿಡುತ್ತಾ ತಾರಸಿಯ ತೊಟ್ಟಿಯ ಬಳಿ ಬಂದ.

“ಇದೂ ಕೆಟ್ಟೋಯ್ತಾ ಸಾರ್? ಕೆಳಗೆ ಸಂಪಿನ ಮೋಟ್ರೂ ಹಂಗೇ. ಜೋರಾಗ್ ಓಡ್ತೈತೆ, ನೀರು ಮಾತ್ರ ಮೇಲಕ್ಕೆ ಬರಲ್ಲ. ಹೊತ್ತು ಹೊತ್ತು ನಾನೇ ಮೋಟ್ರಾಗ್ಬಿಟ್ಟೆ!”

“ಅದನ್ನ ನಾನ್ ತೊಳ್ದಿಲ್ಲ, ದೇವ್ರಾಣೆ,” ಎಂದರು ಮೇಲ್ವಿಚಾರಕಿ.

“ಹಬ್ಬದಲ್ಲಿ ಕರೆಂಟ್ ಹೋಗಿತ್ತೇನಪ್ಪ?” ಎಂದು ಕಾವಲುಗಾರನನ್ನು ಕೇಳಿದೆ.

“ಅರ್ಧ ದಿನ ಸಾರ್. ರೋಡ್ ಅಗಿಯೋರು ಕೇಬಲ್ ಕಟ್ ಮಾಡ್ಬಿಟ್ರು. ಆಮೇಲೆ ಯಾರೋ ಬಂದು ಜಾಯಿಂಟ್ ಹಾಕಿ ಹೋದ್ರು.”

ದೊಡ್ಡ ಮೋಟಾರುಗಳಿಗೆ ಮೂರು ತಂತಿಗಳಲ್ಲಿ ವಿದ್ಯುತ್ ಬರುತ್ತದೆ. ಅವುಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಈ ಬಗೆಯ ಕಂಪ್ರೆಸರ್ ಆಗ ಅನಿಲವನ್ನು ಒತ್ತಲಾರದೆ ಅರಚಿ, ಕಾದು, ತಾನಾಗಿಯೇ ನಿಲ್ಲುತ್ತದೆ. ದುರಸ್ತಿಯವರು ಅರಚಾಟ ಕೇಳಿದ್ದರು, ತೊಳೆದ ಸುದ್ದಿಯನ್ನೂ ಕೇಳಿದ್ದರು. ಎರಡನ್ನೂ ಗಂಟುಹಾಕಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ.

ಆದರೂ ನನಗೆ ಧೈರ್ಯವಿರಲಿಲ್ಲ. ಹಿಮ್ಮುಖವಾಗಿ ಓಡಿದ ಹೊತ್ತಿನಲ್ಲಿ ಒಳಗೆ ನಿಜಕ್ಕೂ ಸವೆದಿದ್ದರೆ, ನನ್ನ ವಾದ ಸರಿಯಾಗಿದ್ದೂ ಯಂತ್ರ ಓಡದೆ, ಮೇಲ್ವಿಚಾರಕಿಯ ಕೆಲಸ ಉಳಿಯುತ್ತಿರಲಿಲ್ಲ. ಕೆಳಗಿಳಿದು ಕಟ್ಟಡದ ಮುಖ್ಯ ಸ್ವಿಚ್ ಆರಿಸಿ, ವಿದ್ಯುತ್ ಇಲ್ಲವೆಂದು ಎರಡು ಬಾರಿ ಪರೀಕ್ಷಿಸಿ, ಹೊರಹೋಗುವ ಮೂರು ತಂತಿಗಳಲ್ಲಿ ಎರಡನ್ನು ಬದಲಿಸಿ ಕಟ್ಟಿದೆ. ಕಂಪ್ರೆಸರ್ ತಣಿಯಲೆಂದು ಒಂದು ಗಂಟೆ ಕಾದೆವು. ಮೇಲ್ವಿಚಾರಕಿ ಆ ಗಂಟೆಯುದ್ದಕ್ಕೂ ತಾರಸಿಯ ಮೇಲೆ ಅಡ್ಡಾಡುತ್ತಲೇ ಇದ್ದರು.

ಸ್ವಿಚ್ ಹಾಕಿದಾಗ ಅರಚಾಟವಿರಲಿಲ್ಲ. ತುಂಬಿದ, ತಗ್ಗಿದ ಒಂದು ಗುಂಯ್‌ಗಾನ. ಜಾಲರಿಯ ಎಸಳುಗಳೆಲ್ಲ ಒಮ್ಮೆಗೇ ಮೇಲಕ್ಕೆ ಚಿಮ್ಮಿ ಕಾವಲುಗಾರನ ತಲೆಯ ಮೇಲೆ ಬಿದ್ದವು. ತೊಟ್ಟಿಯೊಳಗೆ ನೀರು ದಬದಬನೆ ಸುರಿಯತೊಡಗಿತು. ತಂಪಾದ ಅನಿಲ ಯಂತ್ರಕ್ಕೆ ಮರಳುವ ದಪ್ಪ ಕೊಳವೆ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗಿ ಬೆವರಿತು. ಮೇಲ್ವಿಚಾರಕಿ ಅದರ ಮೇಲೆ ಅಂಗೈಯಿಟ್ಟು, ತೆಗೆದು, ಮತ್ತೆ ಇಟ್ಟರು.

ದುರಸ್ತಿಯವರ ಕಾಗದದ ಹಿಂಬದಿಯಲ್ಲೇ ನಾನು ನಡೆದದ್ದನ್ನು ಬರೆದೆ: ಕೇಬಲ್ ಜೋಡಣೆಯಲ್ಲಿ ತಂತಿ ಅದಲುಬದಲಾಗಿತ್ತು, ಸರಿಪಡಿಸಿದೆ, ಯಂತ್ರ ಓಡುತ್ತಿದೆ, ತೊಳೆದದ್ದರಿಂದ ಯಾವ ಹಾನಿಯೂ ಆಗಿಲ್ಲ. ಮೇಲ್ವಿಚಾರಕಿ ಅದರ ಚಿತ್ರ ತೆಗೆದು ಮಾಲೀಕರಿಗೆ ಕಳುಹಿಸಿದರು. ಹತ್ತು ನಿಮಿಷದ ಮೇಲೆ ಫೋನ್ ಬಂತು. ಮಾಲೀಕರೊಂದಿಗೆ ಅವರು ಆಡಿದ್ದು “ಹೂಂ ಸಾರ್”, “ಸರಿ ಸಾರ್” ಎಂಬ ಎರಡೇ ಮಾತು. ಆಮೇಲೆ ಬಿಸಿಲಿಗೆ ಕಾದ ನೆಲವನ್ನೂ ಲೆಕ್ಕಿಸದೆ ತೊಟ್ಟಿಗೆ ಒರಗಿ ಕುಳಿತು, ಕೆ.ಆರ್. ಪುರದ ತಮ್ಮ ಮನೆಗೆ ಫೋನ್ ಮಾಡಿದರು.

“ಅಮ್ಮಾ, ಸೋಮವಾರ ಎಂದಿನಂಗೆ ಬಾಗಿಲು ತೆಗಿ ಅಂದ್ರು… ಇಲ್ಲಮ್ಮ, ನೀರಿಂದ ಅಲ್ಲ, ಕರೆಂಟ್ ಉಲ್ಟಾ ಆಗಿತ್ತು… ಹೂಂ, ಬಂದೇ ಉಣ್ತೀನಿ, ಎರಡು ಮುದ್ದೆ ಇಡು.”