ಕೌದಿಗೊಂದು ತುತ್ತು

"ಅವ್ವಾ, ರಾಚವ್ವಜ್ಜಿ ಈಗ ಕೌದಿಗೆ ಯಾಕ ಉಣ್ಣಸೂದಿಲ್ಲ?"

ಏಳು ವರ್ಷದ ವನಮಾಲಾ ಹೀಗೆ ಕೇಳಿದಾಗ ಲೀಲಾಬಾಯಿ ಒಲೆಯ ಮೇಲಿನ ಹಾಲನ್ನೇ ನೋಡುತ್ತ ಕುಳಿತಿದ್ದಳು. ಹುಡುಗಿಯ ಕೈಯಲ್ಲಿ ರೊಟ್ಟಿಯ ಚೂರೊಂದಿತ್ತು. ಪಡಸಾಲೆಯಲ್ಲಿ ಹೊಲಿಯುತ್ತ ಕುಳಿತಿದ್ದ ರಾಚವ್ವನ ಮುಂದೆ ಅದನ್ನು ಚಾಚಿದ್ದಳಂತೆ. 'ಬ್ಯಾಡವ್ವಾ, ನೀನ ತಿನ್ನು' ಎಂದು ರಾಚವ್ವ ಮುಖ ತಿರುಗಿಸಿದಳಂತೆ.

"ಅವು ಅಂಗಡಿಗೆ ಹೋಗೋ ಕೌದಿ ಅವ. ಅವಕ್ಕ ಹಸಿವಿ ಆಗೂದಿಲ್ಲ."

"ಯಾರು ಹೇಳಿದ್ರು?"

ಲೀಲಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಹಾಲು ಉಕ್ಕಿತು. ಹೇಳಿದವಳು ಅವಳೇ.

ರಾಚವ್ವ ಬೈಲಹೊಂಗಲಕ್ಕೆ ಬಂದದ್ದು ವನಮಾಲಾ ಹುಟ್ಟಿದ ವರ್ಷ. ನವಿಲುತೀರ್ಥದಲ್ಲಿ ಅಣೆಕಟ್ಟು ಏಳುತ್ತಿತ್ತು. ಹಿನ್ನೀರಿಗೆ ಹೋಗಲಿದ್ದ ಹಳ್ಳಿಯೊಂದರಿಂದ ಗಂಡ ಭರಮಪ್ಪನ ಜೊತೆ ಗಂಟು ಕಟ್ಟಿಕೊಂಡು ಹೊರಟವಳು, ಹೊಸ ಜಾಗ ಹಿಡಿಯುವ ಮೊದಲೇ ಜ್ವರದಲ್ಲಿ ಅವನನ್ನು ಕಳೆದುಕೊಂಡಳು. ಮಕ್ಕಳಿರಲಿಲ್ಲ. ಊರೂ ಇರಲಿಲ್ಲ. ಕೈಯಲ್ಲಿ ಸೂಜಿ ಇತ್ತು, ಅದನ್ನು ಹಿಡಿದು ಮನೆ ಮನೆಗೆ ಹೋದಳು.

ಆಗ ಕೌದಿಯನ್ನು ಯಾರೂ ಮಾರುತ್ತಿರಲಿಲ್ಲ, ಕೊಳ್ಳುತ್ತಲೂ ಇರಲಿಲ್ಲ. ಮನೆಯವರು ಉಟ್ಟು ಹಳೆಯದಾದ ಸೀರೆ, ಧೋತರ, ಕುಪ್ಪಸಗಳನ್ನು ಅವಳ ಮುಂದೆ ಸುರಿಯುತ್ತಿದ್ದರು. ಆ ಮನೆಯ ಕಟ್ಟೆಯ ಮೇಲೆ ಎಂಟು ಹತ್ತು ದಿನ ಕುಳಿತು, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಮುಖವಾಗಿ ಸುತ್ತುತ್ತ ಹೊಲಿಯುವಳು. ಆ ದಿನಗಳ ಊಟ ಅಲ್ಲೇ. ಏಳುವಾಗ ಸೆರಗಿಗೆ ಜೋಳ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತಿತ್ತು. ಅದು ಕೌದಿಯ ಹೊಟ್ಟೆ. ಆ ಮನೆಯದೇ ಒಂದು ಚೂರು ರೊಟ್ಟಿ, ಅದಕ್ಕಿಷ್ಟು ಬೆಲ್ಲ, ಆ ಮನೆಯ ಮಗುವಿನ ಕೈಯಿಂದಲೇ ಒಳಗಿಡಿಸಿ, ಮೇಲೊಂದು ತೇಪೆ ಹಚ್ಚಿ ಮುಚ್ಚಿದರೆ ಕೆಲಸ ಮುಗಿಯಿತು.

"ಕೌದಿ ಹಸದಿರಬಾರ್ದರಿ ಬಾಯಾರ," ಎನ್ನುತ್ತಿದ್ದಳು. "ಅದು ಹಸದಿತ್ತಂದ್ರ ಹೊಚಗೊಂಡವರ ಹೊಟ್ಟಿನೂ ತುಂಬೂದಿಲ್ಲ."

"ತೊಳದಾಗ ರೊಟ್ಟಿ ಕರಗಿ ಹೋಗೂದಿಲ್ಲೇನು?" ಎಂದು ಲೀಲಾಬಾಯಿ ಒಮ್ಮೆ ಕೇಳಿದ್ದಳು.

"ಕರಗಲೇಳ್ರಿ. ನಾವು ಉಂಡದ್ದೂ ಕರಗತೈತಿ. ಒಂದ ಸಲ ಉಂಡಿತಂದ್ರ ಸಾಕು."

ವನಮಾಲಾ ಮೂರು ವರ್ಷದವಳಿದ್ದಾಗ ತನ್ನ ಕೌದಿಗೆ ತಾನೇ ತುತ್ತು ಇಟ್ಟಿದ್ದಳು. ಬೆಲ್ಲವನ್ನು ಮೊದಲು ನೆಕ್ಕಿ, ಬರೀ ರೊಟ್ಟಿಯನ್ನು ಒಳಗೆ ಹಾಕಿದ್ದಳು. "ನಿಮ್ಮ ಮಗಳ ಕೌದಿ ಸಪ್ಪಂದು ಉಣ್ಣೂದು ಕಲೀತು ನೋಡ್ರಿ," ಎಂದು ರಾಚವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನಿಜಗುಣಪ್ಪ ಬಂದ. ಬೆಳಗಾವಿಯಲ್ಲಿ ಕೈಕೆಲಸದ ಸಾಮಾನು ಮಾರುವ ಅಂಗಡಿಯೊಂದನ್ನು ನೋಡಿಕೊಳ್ಳುತ್ತಿದ್ದ ಅವನು ಲೀಲಾಬಾಯಿಯ ಗಂಡ ರಘೋತ್ತಮನಿಗೆ ಪರಿಚಯ. ಊಟಕ್ಕೆ ಕುಳಿತವನ ಕಣ್ಣು ಹಿತ್ತಲ ಗೋಡೆಯ ಮೇಲೆ ಒಣಗಹಾಕಿದ್ದ ಕೌದಿಯ ಮೇಲೆ ಬಿತ್ತು. ಇಂಥವು ಹನ್ನೆರಡು ಬೇಕು, ಮುಂಬೈಯ ಅಂಗಡಿಗೆ. ಹೊಸ ಬಟ್ಟೆಯನ್ನು ತಾನೇ ಕಳಿಸುತ್ತೇನೆ ಎಂದ. ಲೀಲಾಬಾಯಿ ಅಲ್ಲೇ ರಾಚವ್ವನನ್ನು ಕರೆಸಿದಳು.

"ಯಾರೂ ಉಡದ ಅರಿವಿಲೆ ಕೌದಿನ? ಅದರಾಗ ಯಾರ ವಾಸನಿ ಬರಬೇಕ್ರಿ ಸಾಹೇಬರ?"

"ಮುಂಬೈ ಮಂದಿಗೆ ಯಾರ ವಾಸನಿನೂ ಬ್ಯಾಡಬೇ," ಎಂದು ನಿಜಗುಣಪ್ಪ ನಕ್ಕ.

ಹನ್ನೆರಡು ಒಬ್ಬಳಿಂದಾಗದು. ಓಣಿಯ ಶೆಟ್ಟೆವ್ವ, ಕಾಡವ್ವ ಜೊತೆಗೂಡಿದರು. ಇಬ್ಬರೂ ಹೊಲದ ಕೂಲಿಯವರು. ಕಾಡವ್ವನ ಗಂಡ ಊರು ಬಿಟ್ಟು ನಾಲ್ಕು ವರ್ಷವಾಗಿತ್ತು. ಈ ಕೆಲಸವನ್ನು ನಂಬಿ ಅವಳು ಆ ಜೂನ್ ತಿಂಗಳಲ್ಲಿ ದೊಡ್ಡ ಮಗಳನ್ನು ಶಾಲೆಗೆ ಹಚ್ಚಿದಳು. ಲೀಲಾಬಾಯಿಯ ಪಡಸಾಲೆ ಹೊಲಿಗೆಯ ಜಾಗವಾಯಿತು. ಹನ್ನೆರಡೂ ಮುಗಿದಾಗ ರಾಚವ್ವ ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಎಲ್ಲವಕ್ಕೂ ಉಣ್ಣಿಸಿದಳು. ದೂರದ ಊರಿಗೆ ಹೋಗುವವು, ದಾರಿಯ ಬುತ್ತಿ ಗಟ್ಟಿಯಾಗಿರಲಿ ಎಂದು ಬೆಲ್ಲ ಎರಡರಷ್ಟು ಇಟ್ಟಳು.

ಮಳೆಗಾಲದಲ್ಲಿ ಆ ಗಂಟು ಮುಂಬೈಯ ಗೋದಾಮಿನಲ್ಲಿ ವಾರಗಟ್ಟಲೆ ಬಿದ್ದಿತ್ತು. ಮೊದಲು ಇರುವೆ ಬಂದವು, ಆಮೇಲೆ ಇಲಿ.

ಶ್ರಾವಣದಲ್ಲಿ ಗಂಟು ಮರಳಿ ಬಂತು. ಪಡಸಾಲೆಯಲ್ಲಿ ಬಿಚ್ಚಿ ಹಾಸಿದರೆ ಹನ್ನೆರಡು ಕೌದಿಗೂ ನಟ್ಟನಡುವೆ ಒಂದೇ ಅಳತೆಯ ತೂತು, ಮುಷ್ಟಿಯಗಲ. ಅಂಚಿನ ಒಂದು ಹೊಲಿಗೆಯೂ ಅಲುಗಿರಲಿಲ್ಲ.

"ಮುಂಬೈ ಇಲಿಗೆ ನಮ್ಮ ರೊಟ್ಟಿ ರುಚಿ ಹತ್ತೇತಿ ತಗೊ," ಎಂದಳು ಶೆಟ್ಟೆವ್ವ. ರಾಚವ್ವ ಒಂದು ತೂತಿನೊಳಗೆ ಬೆರಳಾಡಿಸಿ, ಕೈ ಹಿಂದೆಗೆದುಕೊಂಡಳು.

ಗಂಟಿನ ಜೊತೆ ಬಂದಿದ್ದ ನಿಜಗುಣಪ್ಪ ಬೈಯಲಿಲ್ಲ. "ಅಂಗಡಿಯವರು ಇನ್ನೊಂದ ಸಲ ಕಳಸ್ರಿ ಅಂದಾರ. ಆದ್ರ ಒಳಗ ಏನೂ ಇರೂದಿಲ್ಲಂತ ಬರದ ಕೊಡಬೇಕು," ಎಂದ.

"ನಾ ಒಲ್ಲೆ," ಎಂದಳು ರಾಚವ್ವ. "ಉಪಾಸ ಕೌದಿ ಮಂದಿ ಮ್ಯಾಲ ಹೊಚ್ಚೂ ಹೆಣ್ಮಗಳಲ್ಲ ನಾ."

ಕಾಡವ್ವ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು ಎದ್ದಳು. "ಹಂಗಾರ ನಾ ನಾಳಿಂದ ಕಳೆ ತಗ್ಯಾಕ ಹೋಗತೇನಿ. ಹುಡುಗಿನೂ ಕರಕೊಂಡ ಹೋಗತೇನಿ, ಎರಡು ಕೈ ಆಗತಾವ."

ಆಗಲೇ ಲೀಲಾಬಾಯಿ ಆ ಮಾತು ಹೇಳಿದ್ದು. "ಅಂಗಡಿ ಕೌದಿಗೆ ಹಸಿವಿ ಇರೂದಿಲ್ಲ ರಾಚವ್ವಾ. ಅದು ಬರೇ ಅರಿವಿ. ಹಸಿವಿ ಕಾಡವ್ವನ ಮಕ್ಕಳಿಗದ."

ರಾಚವ್ವ ತೂತು ಬಿದ್ದ ಕೌದಿಯೊಂದನ್ನು ಮಡಚಿ ಬದಿಗಿಟ್ಟಳು. "ನೀವು ಓದಿದವರು. ಬರದ ಕೊಡ್ರಿ," ಎಂದಳು. ಲೀಲಾಬಾಯಿ ದುಂಡಗಿನ ಅಕ್ಷರಗಳಲ್ಲಿ ಬರೆದಳು: ಒಳಗೆ ಏನೂ ಇರುವುದಿಲ್ಲ. ರಾಚವ್ವ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಆ ಮೇಲೆ ಕೆಲಸ ನಿಂತದ್ದೇ ಇಲ್ಲ. ಮೂರು ವರ್ಷದಲ್ಲಿ ಮೂವರು ಒಂಬತ್ತು ಜನರಾದರು. ಮಂಗಳವಾರಕ್ಕೊಮ್ಮೆ ರಾಚವ್ವ ಸಂಪಗಾಂವಕ್ಕೆ ಹೋಗಿ ಅಲ್ಲಿಯ ಹುಡುಗಿಯರಿಗೆ ಹೊಲಿಗೆ ಕಲಿಸಿದಳು. ಕಾಡವ್ವನ ಮನೆಗೆ ಹೊಸ ಹಂಚು ಬಂತು. ಮಗಳು ನಾಲ್ಕನೆಯ ಇಯತ್ತೆಗೆ ಬಂದು ತಾಯಿಗೆ ಬಸ್ಸಿನ ಬೋರ್ಡು ಓದಿ ಹೇಳುವಂತಾದಳು. ತನ್ನ ಮಾತು ತಪ್ಪಾಗಿರಲಿಲ್ಲ ಎಂದು ಲೀಲಾಬಾಯಿ ಎಷ್ಟೋ ಸಲ ಅಂದುಕೊಂಡಳು. ಆದರೂ ಒಂದನ್ನು ಅವಳು ಕಂಡಿದ್ದಳು. ಹೊಲಿಗೆ ಸುತ್ತಿ ಸುತ್ತಿ ನಡುವಿನ ಅಂಗೈಯಗಲಕ್ಕೆ ಬಂತೆಂದರೆ ರಾಚವ್ವ ಸೂಜಿಯನ್ನು ಪಕ್ಕದವಳ ಕೈಗೆ ಕೊಡುವಳು. "ನೀ ಮುಚ್ಚಿಬಿಡ," ಎಂದು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುವಳು. ತನ್ನ ಕೈಯಿಂದ ಒಂದನ್ನೂ ಮುಚ್ಚಲಿಲ್ಲ.

ಎಪ್ಪತ್ತೇಳರ ದೀಪಾವಳಿ ಕಳೆದ ಮೇಲೆ ಅವಳಿಗೆ ರೊಟ್ಟಿ ಇಳಿಯದಾಯಿತು. ಮೊದಮೊದಲು ಸಾರಿನಲ್ಲಿ ಕಿವುಚಿ ನುಂಗುತ್ತಿದ್ದಳು, ಆಮೇಲೆ ಅದೂ ತಿರುಗಿ ಬರತೊಡಗಿತು. ಲೀಲಾಬಾಯಿ ಬಸ್ಸಿನಲ್ಲಿ ಬೆಳಗಾವಿಗೆ ಕರೆದುಕೊಂಡು ಹೋದಳು. ಅನ್ನನಾಳದಲ್ಲಿ ಗಡ್ಡೆ ಎಂದರು ಡಾಕ್ಟರು. ತಡವಾಗಿದೆ, ಗಂಜಿ ಇಳಿಯುವಷ್ಟು ದಿನ ಇಳಿಯಲಿ ಎಂದರು.

ಮರಳುವಾಗ ಕಿಟಕಿಯ ಹತ್ತಿರ ಕುಳಿತಿದ್ದ ರಾಚವ್ವ ತಾನಾಗಿ ಮಾತು ತೆಗೆದಳು. "ನೋಡ್ರಿ ಬಾಯಾರ, ನೀವು ಬರದ ಕೊಟ್ಟದ್ದು ಖರೇ ಆತು. ಒಳಗ ಏನೂ ಇರೂದಿಲ್ಲ."

"ಹಂಗನಬ್ಯಾಡ ರಾಚವ್ವಾ."

"ನೀವು ನಗಲಿ ಅಂತ ಅಂದ್ನೆರಿ," ಎಂದು ರಾಚವ್ವ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು. ಆ ಕೈಯ ಹಗುರ ಲೀಲಾಬಾಯಿಗೆ ಊರು ಮುಟ್ಟುವವರೆಗೂ ಭಾರವಾಗಿತ್ತು.

ಅದಾದ ಮೇಲೂ ರಾಚವ್ವ ಒಂದು ತಿಂಗಳು ಪಡಸಾಲೆಗೆ ಬಂದಳು. ವನಮಾಲಾ ರೊಟ್ಟಿ ಹಿಡಿದುಕೊಂಡು ಪ್ರಶ್ನೆ ಕೇಳಿದ ಆ ದಿನವೇ ಕೊನೆ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಲೀಲಾಬಾಯಿ ಡಬ್ಬಿಯಲ್ಲಿ ತೆಳ್ಳಗಿನ ಗಂಜಿ ತೆಗೆದುಕೊಂಡು ಅವಳ ಖೋಲಿಗೆ ಹೋದಳು.

ಎರಡು ಚಮಚ ಇಳಿಯಿತು. ಮೂರನೆಯದಕ್ಕೆ ರಾಚವ್ವ ಕೈ ಅಡ್ಡ ಮಾಡಿ, ತಲೆದಿಂಬಿನ ಹಾಗೆ ಇಟ್ಟುಕೊಂಡಿದ್ದ ಗಂಟನ್ನು ಮುಂದೆ ಸರಿಸಿದಳು. ಬಿಚ್ಚಿದರೆ ಕೌದಿ. ಭರಮಪ್ಪನ ಧೋತರ, ಅವಳ ಮದುವೆಯ ಇಳಕಲ್ಲ ಸೀರೆ, ಲೀಲಾಬಾಯಿ ಬಾಣಂತನದಲ್ಲಿ ಉಟ್ಟು ಬಿಟ್ಟಿದ್ದ ಸೀರೆಯ ತುಂಡು, ವನಮಾಲಾಳ ಚಿಕ್ಕಂದಿನ ಝಬಲಾ. ಹೊಲಿಗೆ ಸುತ್ತಿ ಸುತ್ತಿ ಒಳಗೆ ಬಂದಿತ್ತು. ನಟ್ಟನಡುವೆ ಅಂಗೈಯಗಲ ಜಾಗ ಮಾತ್ರ ತೆರೆದಿತ್ತು.

"ಎಂದು ಹೊಲದಿ ಇದನ್ನ?"

"ಹೋದ ವರ್ಷನ ಮುಗದೈತ್ರಿ. ಮುಚ್ಚೂದು ಒಂದ ಉಳದೈತಿ."

"ಮುಚ್ಚಬೇಕಿತ್ತಲ್ಲ. ಇದೇನು ಅಂಗಡಿದಲ್ಲ."

"ನನ್ನ ಕೈಲೆ ಇಟ್ರ ಇದು ತಿನ್ನೂದಿಲ್ರಿ," ಎಂದಳು ರಾಚವ್ವ, ಅಂಗೈ ತಿರುಗಿಸಿ ನೋಡಿಕೊಳ್ಳುತ್ತ. "ಎಷ್ಟ ಕೌದಿ ಉಪಾಸ ಕಳಿಸೇತಿ ಈ ಕೈ. ನೀವು ಅಂದದ್ದು ಬರೋಬ್ಬರಿ ಇತ್ರಿ, ಕಾಡವ್ವನ ಮಕ್ಕಳು ಉಂಡ್ವು. ಅದಕ್ಕ ನಿಮ್ಮ ಮ್ಯಾಲ ಏನೂ ಸಿಟ್ಟಿಲ್ಲ. ಆದ್ರ ಚಳಿ ಭಾಳ ಐತಿ, ನನಗ ಹೊಚಗೊಳ್ಳಾಕ ಹೊಟ್ಟಿ ತುಂಬಿದ್ದು ಒಂದರ ಬೇಕಲ್ರಿ."

ಲೀಲಾಬಾಯಿ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು.

ರಾಚವ್ವ ಉಸಿರು ಸರಿಮಾಡಿಕೊಂಡು, ಸೂಜಿ ಚುಚ್ಚಿದ್ದ ದಾರದ ಉಂಡೆಯನ್ನು ಅವಳ ಕಡೆ ಹೊರಳಿಸಿದಳು.

"ಮಗಳನ್ನ ಕರಕೊಂಡ ಬರ್ರಿ. ನಿಮ್ಮ ಮನಿ ರೊಟ್ಟಿ ಒಂದ ಚೂರು, ಆಕಿ ಕೈಲೆ ಇಡಸ್ರಿ. ಮ್ಯಾಲ ನೀವ ಹೊಲದ ಮುಚ್ಚರಿ, ಸೊಟ್ಟ ಆದ್ರೂ ನಡೀತೈತಿ. ಬೆಲ್ಲಾ ಮರೀಬ್ಯಾಡ್ರಿ ಬಾಯಾರ, ಭಾಳ ಇಡ್ರಿ. ಇದೇನ ಮುಂಬೈಗೆ ಹೋಗೂದಲ್ಲ."